ಮಸ್ಕಿ ಬರುವುದರೊಳಗೆ ಒಂದು ಅಧ್ಯಾಯ

ಗುಳಿಗಿ ಸರ್ ತೀರಿಕೊಂಡು ಆರು ತಿಂಗಳಾಯಿತು. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಸಭೆಯ ಹಿರಿಯರೊಬ್ಬರ ಬಗ್ಗೆ ಇಷ್ಟು ಹಗುರವಾಗಿ ಬರೆಯಬಹುದೇ ಎಂದು ಅವರ ಚರ್ಚಿನವರು ನನ್ನನ್ನು ಕೇಳುತ್ತಾರೆ. ಬರೆಯದಿದ್ದರೂ ಗುರುತು ಹಿಡಿದು ಕೇಳುತ್ತಾರೆ, ಆ ಮಾತು ಬೇರೆ. ಅವರು ಲಿಂಗಸುಗೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದವರು. ಮಾತ್ರೆಗೆ ನಮ್ಮ ಕಡೆ ಗುಳಿಗಿ ಅನ್ನುತ್ತಾರೆ. ಹೀಗಾಗಿ ಅವರು ಊರಿಗೆಲ್ಲ ಗುಳಿಗಿ ಸರ್ ಆದರು.

ಅವರೂ ನಾನೂ ಸಿಂಧನೂರಿನವರು. ನನ್ನದು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ. ದಿನಾ ಬೆಳಿಗ್ಗೆ ಒಂದೇ ಬಸ್ಸು. ಬಸ್ಸು ಮೊದಲು ಮಸ್ಕಿ ಮುಟ್ಟುತ್ತದೆ, ಆಮೇಲೆ ಲಿಂಗಸುಗೂರು. ನಾನು ಹೆಂಗಸರ ಸೀಟಿನಲ್ಲಿ, ಅವರು ನಡುವಿನ ದಾರಿಯ ಆಚೆಗಿನ ಸೀಟಿನಲ್ಲಿ. ಅರ್ಧ ತೋಳಿನ ಬಿಳಿ ಅಂಗಿ, ಅಂಗಿಯ ಜೇಬಿನಲ್ಲಿ ಮೂರು ಪೆನ್ನು, ಅದರಲ್ಲಿ ಬರೆಯುವುದು ಒಂದೇ. ಉಳಿದೆರಡು ಯಾಕೆ ಎಂದು ಕೇಳಿದರೆ, ‘ಕೇಳಿದವ್ರಿಗೆ ಕೊಡಾಕ’ ಅನ್ನುತ್ತಿದ್ದರು. ಬರೆಯದ ಪೆನ್ನನ್ನು ಕೊಟ್ಟರೆ ಜನ ಬೇಗ ಹಿಂದಿರುಗಿಸುತ್ತಾರೆ ಎಂಬುದು ಅವರ ಅನುಭವ.

ಯಾವ ಮಾತನ್ನೂ ಎರಡು ಸಲ ಹೇಳುವುದು ಅವರ ರೂಢಿ. ಕಿಟಕಿಯ ಆಚೆ ನಿಂತ ರೋಗಿಗೆ ‘ಊಟ ಆದ ಮ್ಯಾಲ. ಊಟ ಆದ ಮ್ಯಾಲ’ ಎಂದು ಹೇಳಿ ಹೇಳಿ ನಾಲಿಗೆ ಹಾಗೇ ಪಳಗಿಬಿಟ್ಟಿತ್ತು. ಹೊಸ ಕಂಡಕ್ಟರೊಬ್ಬ ಬಂದ ಮೊದಲ ದಿನ ಇವರು ‘ಲಿಂಗಸುಗೂರು ಒಂದು. ಲಿಂಗಸುಗೂರು ಒಂದು’ ಎಂದದ್ದಕ್ಕೆ ಆತ ಎರಡು ಟಿಕೆಟ್ ಹರಿದುಕೊಟ್ಟಿದ್ದ. ಆ ದಿನ ಬಸ್ಸಿನಲ್ಲಿ ನಗದವರು ಇಬ್ಬರೇ, ಕಂಡಕ್ಟರು ಮತ್ತು ಸರ್.

ಇಂಥ ಮನುಷ್ಯನಿಗೆ ಒಂದು ಗುಟ್ಟಾದ ನಾಚಿಕೆ ಇತ್ತು. ಸಭೆಯಲ್ಲಿ ಹಿರಿಯರಾಗಿದ್ದರು, ಭಾನುವಾರ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು, ಆದರೆ ಸತ್ಯವೇದವನ್ನು, ಅಂದರೆ ಬೈಬಲನ್ನು, ಮೊದಲಿನಿಂದ ಕೊನೆಯವರೆಗೆ ಒಮ್ಮೆಯೂ ಓದಿರಲಿಲ್ಲ. ಅವರ ಹೆಂಡತಿ ಏಳು ಸಲ ಓದಿದ್ದರು. ಆಕೆ ಮುಕ್ಕುಂದದವರು, ಬೋಧಕರ ಮಗಳು. ಆ ಮನೆಯಲ್ಲಿ ಬೆಳಗಿನ ಓದು ಅಂಗಳಕ್ಕೆ ನೀರು ಹಾಕಿದಷ್ಟೇ ಸಹಜ. ಗಂಡ ಓದಲಿಲ್ಲವೆಂದು ಆಕೆ ಒಂದು ದಿನವೂ ಅಂದವರಲ್ಲ. ಸರ್‌ಗೆ ಅದೇ ಕಷ್ಟವಾಗಿತ್ತು.

‘ಬೈದ್ರ ತಿರುಗಿ ಏನಾರ ಅನಬಹುದಿತ್ತು ಟೀಚರ್ರ,’ ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು. ‘ಆಕಿ ಏನೂ ಅನಂಗಿಲ್ಲ. ಓದಿ ಮುಗಿಸಿ, ಕನ್ನಡಕ ತಗದಿಟ್ಟು, ಚಾ ಮಾಡಾಕ ಹೋಗ್ತಾಳ.’

ಅವರು ಪ್ರಯತ್ನ ಮಾಡಿರಲಿಲ್ಲ ಎಂದಲ್ಲ. ಪ್ರತಿ ಜನವರಿ ಒಂದನೇ ತಾರೀಖು ಚರ್ಚಿನಲ್ಲಿ ಕೊಟ್ಟ ಓದಿನ ಪಟ್ಟಿ ಹಿಡಿದು ಆದಿಕಾಂಡದಿಂದ ಶುರು ಮಾಡುತ್ತಿದ್ದರು. ದಿನಕ್ಕೆ ಮೂರು ಅಧ್ಯಾಯ. ಸಂಕ್ರಾಂತಿಯವರೆಗೆ ಕುದುರೆ ಓಡುತ್ತಿತ್ತು. ಆಮೇಲೆ ಒಂದು ದಿನ ತಪ್ಪಿತೆಂದು ಮರುದಿನಕ್ಕೆ ಆರು, ಅದೂ ಆಗಲಿಲ್ಲವೆಂದು ಅದರ ಮರುದಿನಕ್ಕೆ ಒಂಬತ್ತು. ಫೆಬ್ರವರಿಯಲ್ಲಿ ಯಾಜಕಕಾಂಡದ ಬಲಿಗಳ ನಡುವೆ ಸಿಕ್ಕಿ ಕುದುರೆ ಮಲಗಿಬಿಡುತ್ತಿತ್ತು. ಹೀಗೆ ಇಪ್ಪತ್ತು ಜನವರಿಗಳಾದ ಮೇಲೆ ಅವರ ಪುಸ್ತಕದ ಮೊದಲ ನೂರು ಪುಟ ಹೋಟೆಲಿನ ಮೆನು ಕಾರ್ಡಿನಂತೆ ಕಪ್ಪಾಗಿದ್ದವು, ಉಳಿದವು ಅಂಗಡಿಯಿಂದ ತಂದ ಹಾಗೆಯೇ ಇದ್ದವು.

ಅವರಿಗೆ ಬಸ್ಸಿನಲ್ಲಿ ಓದುವ ದಾರಿ ತೋರಿಸಿದವಳು ನಾನು. ಇದರಲ್ಲಿ ನನಗೆ ಸ್ವಲ್ಪ ಜಂಬವೂ ಇದೆ. ಒಂದು ಬೆಳಿಗ್ಗೆ ನಾನು ಮಡಿಲಲ್ಲಿ ಪರೀಕ್ಷೆಯ ಪೇಪರುಗಳನ್ನಿಟ್ಟುಕೊಂಡು ತಿದ್ದುತ್ತಿದ್ದೆ.

‘ಬಸ್ಸಿನ್ಯಾಗ ಓದಿದ್ರ ತಲಿ ತಿರಗಂಗಿಲ್ಲೇನ್ರಿ?’ ಎಂದರು.

‘ನಮ್ಮ ಹುಡುಗ್ರು ಬರದದ್ದು ಓದಿದ್ರ ಮನ್ಯಾಗ ಕುಂತ್ರೂ ತಿರಗತದ ಸರ. ಬಸ್ಸಿಂದೇನು ತಪ್ಪಿಲ್ಲ.’

ಮರುದಿನ ಪುಸ್ತಕ ಬಂತು, ಖಾಕಿ ಕಾಗದದ ರಟ್ಟು ಹಾಕಿಕೊಂಡು. ತಲೆ ತಿರುಗಬಾರದೆಂದು ಸರ್ ಮುಂಜಾಗ್ರತೆಯಾಗಿ ಒಂದು ಗುಳಿಗೆಯನ್ನೂ ನುಂಗಿ ಬಂದಿದ್ದರು. ಊರಿಗೆಲ್ಲ ‘ಇದನ್ನ ನುಂಗಿದ್ರ ನಿದ್ದಿ ಬರ್ತದ, ಗಾಡಿ ಹೊಡೀಬ್ಯಾಡ್ರಿ’ ಎಂದು ಎರಡೆರಡು ಸಲ ಹೇಳುತ್ತಿದ್ದ ಅದೇ ಗುಳಿಗೆ. ಊರಾಚೆಯ ಕಾಲುವೆ ದಾಟುವುದರೊಳಗೆ ಗದ್ದ ಎದೆಗೆ ತಾಗಿತು. ಮಸ್ಕಿಯಲ್ಲಿ ಜನ ಹತ್ತಿದರು, ಇಳಿದರು, ಸರ್‌ಗೆ ಗೊತ್ತಾಗಲಿಲ್ಲ. ಲಿಂಗಸುಗೂರಿನಲ್ಲಿ ನಾನೂ ಕಂಡಕ್ಟರೂ ಸೇರಿ ಎಬ್ಬಿಸಿದೆವು. ಆ ದಿನ ಓದಿದ್ದು ಒಂದೂವರೆ ವಾಕ್ಯ. ಅವತ್ತು ಔಷಧಿಯ ಕಿಟಕಿಯಲ್ಲಿ ರೋಗಿಗಳಿಗೆ ಏನು ಹೇಳಿದರೋ, ನಾನು ಕೇಳಲಿಲ್ಲ.

ಗುಳಿಗೆ ಬಿಟ್ಟ ಮೇಲೆ ಓದು ಹತ್ತಿತು. ಸಿಂಧನೂರು ಬಿಟ್ಟು ಮಸ್ಕಿ ಬರುವುದರೊಳಗೆ ಒಂದು ಅಧ್ಯಾಯ, ಅಷ್ಟೇ. ಮಸ್ಕಿಯಿಂದ ಮುಂದೆ ಜನ ತುಂಬುತ್ತಾರೆ, ಅದು ಮಾತಿನ ಹೊತ್ತು. ಸಂಜೆಯ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ದೊಡ್ಡದು. ಗುಳಿಗೆ ಕಟ್ಟಿಕೊಡುವ ಸಣ್ಣ ಕಾಗದದ ಪೊಟ್ಟಣದ ಮೇಲೆ ಡಾಕ್ಟರು ಬರೆಯುವ ಹಾಗೆ ‘1-0-0’ ಎಂದು ಬರೆದು ಪುಟದ ಗುರುತಿಗೆ ಇಟ್ಟುಕೊಂಡಿದ್ದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಬಸ್ಸು ಹತ್ತುತ್ತಿರಲಿಲ್ಲವಾದ್ದರಿಂದ ಓದೂ ಇಲ್ಲ. ಗುಡ್ ಫ್ರೈಡೆಯ ದಿನ ಸತ್ಯವೇದ ಮುಟ್ಟದ ಹಿರಿಯರು ನಮ್ಮ ತಾಲ್ಲೂಕಿನಲ್ಲಿ ಅವರೊಬ್ಬರೇ ಇದ್ದಿರಬೇಕು ಎಂದು ನಾನು ಕಾಡಿಸುತ್ತಿದ್ದೆ.

ಒಂದು ದಿನ ಬಸ್ಸು ಕೆಟ್ಟು ಜೀಪಿನಲ್ಲಿ ಜೋತುಬಿದ್ದು ಹೋಗಬೇಕಾಯಿತು. ಓದು ತಪ್ಪಿತು. ಮರುದಿನ ಎರಡು ಓದುತ್ತಾರೇನೋ ಎಂದು ನೋಡಿದೆ. ಒಂದೇ ಓದಿ ಪುಸ್ತಕ ಮುಚ್ಚಿದರು.

‘ನಿನ್ನಿದು ಬಾಕಿ ಐತಲ್ಲ ಸರ?’

‘ಗುಳಿಗಿ ಮರತ್ರ ಮರುದಿನ ಎರಡು ನುಂಗಬಾರದು ಟೀಚರ್ರ. ಎರಡು ನುಂಗಬಾರದು. ಮರತದ್ದು ಮರತ್ತು, ಇವತ್ತಿಂದು ಇವತ್ತು. ಕಿಟಕ್ಯಾಗ ಕುಂತು ದಿನಾ ನೂರು ಮಂದಿಗೆ ಹೇಳ್ತಿದ್ದೆ. ನನಗ ನಾ ಹೇಳಿಕೊಂಡಿದ್ದಿಲ್ಲ ನೋಡ್ರಿ.’

ಇಪ್ಪತ್ತು ಜನವರಿಗಳು ಕಲಿಸದ್ದನ್ನು ಕೆಟ್ಟ ಬಸ್ಸೊಂದು ಕಲಿಸಿತ್ತು. ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಚಾಚಾ ಒಬ್ಬರು ಸಿಂಧನೂರಿನಿಂದ ನಮ್ಮ ಬಸ್ಸಿಗೇ ಬರುತ್ತಿದ್ದರು. ಅವರು ಈ ಮಾತು ಕೇಳಿ ತಲೆದೂಗಿದರು. ‘ನಮ್ಮಲ್ಲೂ ಅದಽ ಹಾಲತ್ ಐತ್ರಿ. ರಂಜಾನ್‌ನಾಗ ಜೋರ್ ಜೋರ್ ಓದ್ತೀವಿ. ಈದ್ ಆತಂದ್ರ ಕಿತಾಬ್ ಗ್ವಾಡಿ ಮಾಡದಾಗ, ನಾವು ದುಕಾನ್‌ದಾಗ.’

ಸರ್ ಬೆರಳಿಟ್ಟು ಓದುತ್ತಿದ್ದರು, ಒಂದನೇ ತರಗತಿಯ ಹುಡುಗರ ಹಾಗೆ. ಪೂರ್ವಕಾಲವೃತ್ತಾಂತದ ಮೊದಲ ಭಾಗಕ್ಕೆ ಬಂದಾಗ ಕಷ್ಟ ಕಾಣಿಸಿಕೊಂಡಿತು. ಅಲ್ಲಿ ಒಂಬತ್ತು ಅಧ್ಯಾಯ ಬರೀ ಹೆಸರು. ಇಂಥವನ ಮಗ ಇಂಥವ, ಅವನ ಮಗ ಇಂಥವ. ಸರ್ ಒಂದೊಂದು ಹೆಸರನ್ನೂ ತುಟಿ ಅಲುಗಿಸಿ ಎರಡೆರಡು ಸಲ ಓದುತ್ತಿದ್ದರು. ಅಧ್ಯಾಯ ಅರ್ಧವಾಗುವುದರೊಳಗೆ ಮಸ್ಕಿ ಬಂದುಬಿಡುತ್ತಿತ್ತು. ಒಂದು ತಿಂಗಳಾಯಿತು. ಚಾಚಾ ಹತ್ತಿದ ಕೂಡಲೇ, ‘ಇನ್ನೂ ಹೆಸರಽ ನಡದಾವೇನ್ರಿ?’ ಎಂದು ವಿಚಾರಿಸುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ‘ಸರ, ಇದು ವೋಟರ್ ಲಿಸ್ಟ್ ಇದ್ದಂಗ ಐತಿ. ದಾಟಿ ಮುಂದ ಹೋಗ್ರಿ. ಯಾರು ಕೇಳ್ತಾರ ನಿಮಗ?’

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ‘ನಾ ಗುಳಿಗಿ ಕೊಡಾಂವ ಟೀಚರ್ರ. ಚೀಟ್ಯಾಗ ಒಂದು ಸಾಲು ಬಿಟ್ಟು ಓದಿದ್ರ ಯಾರ ಗುಳಿಗಿ ಯಾರ ಹೊಟ್ಟಿಗೆ ಹೋಗ್ತದೋ. ನನ್ನ ಕಣ್ಣಿಗೆ ಸಾಲು ಬಿಟ್ಟು ಓದಾಕ ಬರಂಗಿಲ್ಲ.’

ಗಣಿತದವಳಾದ್ದರಿಂದ ನಾನು ಇನ್ನೊಂದು ಕಡೆಯಿಂದ ಕೆಣಕಿದೆ. ಉಳಿದ ಅಧ್ಯಾಯಗಳನ್ನು ಎಣಿಸಿ, ಕೆಲಸದ ದಿನಗಳಿಂದ ಭಾಗಿಸಿ, ನಿವೃತ್ತಿಯೊಳಗೆ ಮುಗಿಯುವುದಿಲ್ಲ ಎಂದು ತೋರಿಸಿದೆ.

‘ಲೆಕ್ಕ ಹಾಕಬ್ಯಾಡ್ರಿ,’ ಎಂದರು. ‘ಎಷ್ಟು ವರ್ಷ ಗುಳಿಗಿ ನುಂಗಬೇಕಂತ ರೋಗಿಗೆ ಮೊದಲ ದಿನ ಹೇಳಬಾರದು. ಅಂಜತಾನ.’

ಲೆಕ್ಕ ನನ್ನದೇ ಸರಿಯಾಯಿತು. ಅವರು ನಿವೃತ್ತರಾದಾಗ ಇನ್ನೂ ಯೆರೆಮೀಯನ ಪುಸ್ತಕದಲ್ಲಿದ್ದರು, ಮೂರರಲ್ಲೊಂದು ಭಾಗ ಉಳಿದಿತ್ತು. ಆಸ್ಪತ್ರೆಯಲ್ಲಿ ಶಾಲು ಹೊದಿಸಿ ಕಳಿಸಿದರು. ಮರುದಿನ ಬಸ್ಸಿನಲ್ಲಿ ಅವರ ಸೀಟಿನಲ್ಲಿ ಯಾರೋ ಮೆಣಸಿನಕಾಯಿ ಚೀಲ ಇಟ್ಟಿದ್ದರು. ನನಗೆ ಆ ಚೀಲದ ಮೇಲೆ ವಿನಾಕಾರಣ ಸಿಟ್ಟು ಬಂತು.

ಮನೆಯಲ್ಲಿ ಸರ್‌ಗೆ ಓದಲಾಗಲಿಲ್ಲ. ಇದನ್ನು ಅವರೇ ನನಗೆ ಆಮೇಲೆ ವಿವರವಾಗಿ ಹೇಳಿದರು. ಬೆಳಿಗ್ಗೆ ಹೆಂಡತಿಯ ಎದುರು ಕುರ್ಚಿ ಹಾಕಿಕೊಂಡು ಕೂತರೆ ಆಕೆ ಪುಟ ತಿರುವುವ ಸಪ್ಪಳವೇ ಕಿವಿಗೆ ಬೀಳುತ್ತಿತ್ತಂತೆ. ‘ನಾ ಒಂದು ಪುಟ ತಿರುವೂದ್ರಾಗ ಆಕಿ ಮೂರು ತಿರುವತಾಳ. ನನಗ ಹೆಂಗ ಓದು ಹತ್ತಬೇಕು?’ ಹಿತ್ತಲಲ್ಲಿ ಜೋಕಾಲಿ ಕಟ್ಟಿಸಿ ಕೂತು ನೋಡಿದರು. ಅದು ಹಿಂದೆ ಮುಂದೆ ಆಡುತ್ತದೆ, ಬಸ್ಸು ಮೇಲೆ ಕೆಳಗೆ ಕುಲುಕುತ್ತದೆ. ಸರಿಹೋಗಲಿಲ್ಲ. ಪಕ್ಕದ ಮನೆಯವನ ಆಟೋ ನಿಂತಿದ್ದಾಗ ಅದರಲ್ಲಿ ಕೂತು, ಇಂಜಿನ್ ಚಾಲೂ ಮಾಡಲು ಹೇಳಿ ಓದಿ ನೋಡಿದರು. ಅವನು ಎರಡು ದಿನ ಹಿರಿಯರೆಂದು ಸುಮ್ಮನಿದ್ದ, ಮೂರನೆಯ ದಿನ ಆಟೋವನ್ನು ಬೇರೆ ಓಣಿಯಲ್ಲಿ ನಿಲ್ಲಿಸಿದ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಸಿಂಧನೂರಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸರ್ ಕೂತಿದ್ದರು. ಅದೇ ಬಿಳಿ ಅಂಗಿ, ಮೂರು ಪೆನ್ನು, ಕಾಲ ಮೇಲೆ ಚೀಲ. ಎಲ್ಲಿಗೆ ಸರ ಎಂದೆ. ಎಲ್ಲಿಗೂ ಇಲ್ಲ ಎಂದರು. ಮುಖ ಇಳಿದಿತ್ತು.

‘ಓದೂದು ತಪ್ಪಿಹೋತು ಟೀಚರ್ರ.’

ಒಂದೇ ಸಲ ಹೇಳಿದರು. ಅಷ್ಟು ವರ್ಷಗಳಲ್ಲಿ ಅವರು ಒಂದು ಮಾತನ್ನು ಒಂದೇ ಸಲ ಹೇಳಿದ್ದನ್ನು ನಾನು ಕೇಳಿರಲಿಲ್ಲ.

‘ಇಷ್ಟು ಬಂದು ನಿಂತಬಿಟ್ಟೆ. ಇನ್ನ ಯಾಕೋ ಆಗಂಗಿಲ್ಲ ಅನಸ್ತದ. ಸಾಯೂದ್ರಾಗ ಒಮ್ಮೆರ ಮುಗಿಸಿ ಆಕಿಗೆ ಹೇಳಬೇಕಂತ ಇತ್ತು.’

‘ಬಸ್ ಹತ್ತ್ರಿ ಸರ.’

‘ಕೆಲಸ ಇಲ್ಲದಾಂವ ಎಲ್ಲಿಗೆ ಹತ್ತಲಿ?’

‘ಮಸ್ಕಿಗೆ. ಮಸ್ಕಿಗೆ,’ ಎಂದೆ ನಾನು.

ಅವರು ನಕ್ಕರು, ಎದ್ದರು, ಹತ್ತಿದರು. ಯಾರೂ ಕೇಳದೆಯೇ ಕಂಡಕ್ಟರು ಅವರ ಹಳೇ ಸೀಟಿನಲ್ಲಿ ಕೂತವನನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದ. ಮಸ್ಕಿ ಬರುವುದರೊಳಗೆ ಅಧ್ಯಾಯ ಮುಗಿದಿತ್ತು.

ಅಲ್ಲಿಂದ ಅದು ದಿನದ ಕಟ್ಟಳೆಯಾಯಿತು. ಬೆಳಿಗ್ಗೆ ನಮ್ಮ ಬಸ್ಸಿಗೆ ಹತ್ತಿ ಮಸ್ಕಿಯಲ್ಲಿ ಇಳಿಯುವುದು, ಸ್ಟ್ಯಾಂಡಿನ ಎದುರು ಒಂದು ಚಹಾ ಕುಡಿಯುವುದು, ವಾಪಸ್ ಬರುವ ಬಸ್ಸು ಹಿಡಿಯುವುದು. ಬಸ್ಸಿನಲ್ಲಿ ಕೂತರೆ ಮಾತ್ರ ಓದು ಬರುತ್ತದೆ ಎಂದು ಹೆಂಡತಿಗೆ ಹೇಳಲು ನಾಚಿಕೆ. ಅದಕ್ಕಾಗಿ ಮಸ್ಕಿಯಿಂದ ದಿನಾ ಏನಾದರೂ ಕಾಯಿಪಲ್ಲೆ ಕೊಂಡೊಯ್ದು, ಅಲ್ಲಿ ತಾಜಾ ಸಿಗುತ್ತದೆ ಎಂದು ಹೇಳುತ್ತಿದ್ದರು. ಒಂದು ದಿನ ಆಕೆ ಚೀಲ ಬಿಚ್ಚಿ, ‘ಸಿಂಧನೂರಾಗ ಬದನಿಕಾಯಿ ಬೆಳ್ಯೂದು ಬಿಟ್ಟಾರೇನು?’ ಎಂದರಂತೆ. ಅಷ್ಟಕ್ಕೇ ಸುಮ್ಮನಾದರಂತೆ. ಸರ್‌ಗೆ ಬಚಾವಾದೆ ಅನ್ನಿಸಿತಂತೆ. ಸಿಂಧನೂರಿನ ಬದನೆಕಾಯಿ ಮಸ್ಕಿಗೆ ಹೋಗಿ ತಿರುಗಿ ಸಿಂಧನೂರಿಗೆ ಬರುವುದು ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ? ನಾನು ಹೇಳಲು ಹೋಗಲಿಲ್ಲ.

ಮುಗಿದದ್ದು ಬೇಸಿಗೆ ಭತ್ತದ ಕೊಯ್ಲಿನ ದಿನಗಳಲ್ಲಿ. ರಸ್ತೆಯಲ್ಲಿ ಕಟಾವು ಯಂತ್ರಗಳು ಅಡ್ಡ ಬಂದು ಬಸ್ಸು ನಿಧಾನ ಹೋಗುತ್ತಿತ್ತು. ಸತ್ಯವೇದದ ಕೊನೆಯ ಭಾಗವಾದ ಪ್ರಕಟನೆಯ ಕೊನೆಯ ಪುಟದ ಮೇಲೆ ಅವರ ಬೆರಳು ಹೋಗುವುದನ್ನು ನಾನೂ ಚಾಚಾನೂ ಈಚೆಯಿಂದ ನೋಡುತ್ತಿದ್ದೆವು. ಬೆರಳು ಕೊನೆಯ ಸಾಲಿಗೆ ಬಂತು, ನಿಂತಿತು. ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಪುಸ್ತಕ ಮುಚ್ಚಿ ನಮ್ಮ ಕಡೆ ತಿರುಗಿದರು.

‘ಮುಗೀತು. ಮುಗೀತು.’

ಚಾಚಾ ಎದ್ದು ಕೈ ಕುಲುಕಿದರು. ನನ್ನ ಕಣ್ಣಲ್ಲಿ ನೀರು ಬಂತು. ಬೌದ್ಧರ ಮನೆಯ ಹೆಣ್ಣುಮಗಳಾದ ನನಗೆ ಆ ಪುಸ್ತಕದೊಳಗೆ ಏನಿದೆಯೆಂದು ಅವರು ಹೇಳಿದಷ್ಟೇ ಗೊತ್ತು. ಆದರೂ ನಾನೇ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು. ಸರ್ ಮಸ್ಕಿಯಲ್ಲಿ ಇಳಿಯುವುದನ್ನೇ ಮರೆತು ಲಿಂಗಸುಗೂರಿಗೆ ಬಂದುಬಿಟ್ಟರು. ಅಲ್ಲಿ ನಾನು ಅವರಿಗೆ ಮಿರ್ಚಿ ಭಜಿ ಕೊಡಿಸಿದೆ.

ಮರುದಿನ ಸಪ್ಪಗಿದ್ದರು. ಮನ್ಯಾಗ ಅಕ್ಕಾರು ಏನಂದ್ರು ಎಂದು ಕೇಳಿದೆ.

‘ಬಾಗಿಲದಾಗ ನಿಂತು ಹೇಳಿದೆ, ಎಲ್ಲಾ ಓದಿ ಮುಗಿಸಿದೆ, ಒಂದು ಹೆಸರು ಬಿಟ್ಟಿಲ್ಲ ಅಂತ. ಛಲೋ ಆತು, ಕೈಕಾಲು ತೊಳಕೊಂಡು ಊಟಕ್ಕ ಬರ್ರಿ ಅಂದ್ಲು.’ ಚೀಲದೊಳಗೆ ಕೈ ಹಾಕಿದರು. ‘ಅದೂ ಖರೆ. ಆಕಿದು ಏಳು, ನಂದು ಒಂದು. ಇನ್ನೇನಂತಾಳ.’

ಪುಸ್ತಕ ತೆಗೆದರು. ಆದಿಕಾಂಡ, ಒಂದನೇ ಅಧ್ಯಾಯ.

‘ಮತ್ತ ಶುರುನಾ ಸರ?’

‘ಇನ್ನ ಆರು ಸಲ ಅದಾವಲ್ಲ.’

‘ನೀವು ಓದೂ ಚಂದಕ್ಕ ಆರು ಸಲ ಅಂದ್ರ ನೂರು ವರ್ಷ ಆಗ್ತಾವ ನಿಮಗ.’

‘ಇದರಾಗ ನೂರು ವರ್ಷದಾವ್ರು ಇನ್ನೂ ಹುಡುಗ್ರು ಟೀಚರ್ರ,’ ಎಂದು, ಒಂಬೈನೂರು ವರ್ಷ ಬದುಕಿದವರ ಹೆಸರಿರುವ ಐದನೇ ಅಧ್ಯಾಯ ತೆರೆದು ತೋರಿಸಿದರು. ಆಮೇಲೆ ಮೊದಲನೆಯದಕ್ಕೆ ತಿರುಗಿ ಬೆರಳಿಟ್ಟು ಓದತೊಡಗಿದರು.

ಎರಡನೆಯ ಸಲ ಯಾಜಕಕಾಂಡವನ್ನು ಎಲ್ಲಿಯೂ ನಿಲ್ಲದೆ ದಾಟಿದರು. ಅದರ ಮುಂದಿನ ಅರಣ್ಯಕಾಂಡದಲ್ಲಿದ್ದಾಗ, ಅಕ್ಟೋಬರಿನ ಕೊನೆಗೆ, ಎರಡು ದಿನ ಬಸ್ಸಿಗೆ ಬರಲಿಲ್ಲ. ಮೂರನೆಯ ದಿನ ಕಂಡಕ್ಟರು ನನ್ನ ಹತ್ತಿರ ಬಂದು, ‘ಗುಳಿಗಿ ಸರ ಹೋಗಿಬಿಟ್ಟ್ರಂತ್ರಿ, ಎದಿ ನೋವು ಬಂದಿತ್ತಂತ’ ಎಂದ. ನಾನು ಶಾಲೆಗೆ ಹೋಗಲಿಲ್ಲ. ಮಸ್ಕಿಯಲ್ಲಿ ಇಳಿದು ವಾಪಸ್ ಬಸ್ಸು ಹಿಡಿದೆ.

ಮಣ್ಣು ಮಾಡಿದ ದಿನ ಮನೆ ತುಂಬ ಜನರಿದ್ದರು. ಅಕ್ಕಾರ ಜೊತೆ ಮಾತಾಡಲು ಆಗಿರಲಿಲ್ಲ. ಆಮೇಲೂ ಇವತ್ತು ನಾಳೆ ಎಂದು ದಿನ ತಳ್ಳಿದೆ. ಮೊನ್ನೆ ಭಾನುವಾರ ಮಧ್ಯಾಹ್ನ ಹೋದೆ. ಆಕೆ ಒಬ್ಬರೇ ಇದ್ದರು. ಚಹಾ ಕೊಟ್ಟು ಎದುರು ಕೂತರು. ನಾನು ಬಸ್ಸಿನ ಕತೆಗಳನ್ನು ಹೇಳಿದೆ, ನಿದ್ದೆಯ ಗುಳಿಗೆಯದು, ಎರಡು ಟಿಕೆಟಿನದು. ಬದನೆಕಾಯಿಯ ಗುಟ್ಟನ್ನೂ ಹೇಳಿದೆ. ನಕ್ಕರು. ನನಗೆ ಗೊತ್ತಿತ್ತು ಎಂದರು. ಒಂಬತ್ತು ಅಧ್ಯಾಯದ ಹೆಸರುಗಳನ್ನು ಎರಡೆರಡು ಸಲ ಓದಿದ್ದು ಹೇಳಿದಾಗ ನಗಲಿಲ್ಲ.

‘ಟೀಚರ್ರ, ನಿಮಗೊಂದು ಮಾತು ಹೇಳ್ತೀನಿ. ಯಾರ ಮುಂದೂ ಹೇಳಿಲ್ಲ,’ ಎಂದರು. ‘ಏಳು ಸಲ ಓದೀನಿ ಅಂತಾರಲ್ಲ ಎಲ್ಲಾರೂ. ಆ ಹೆಸರಿನ ಅಧ್ಯಾಯ ನಾ ಒಂದು ಸಲಾನೂ ಓದಿಲ್ರಿ. ದೇವರ ಗುಡಾರದ ಅಳತಿ ಓದಿಲ್ಲ, ಕುಲದ ಲೆಕ್ಕ ಓದಿಲ್ಲ. ಅದು ಬಂದ್ರ ಪುಟ ತಿರುವಿ ಬಿಡ್ತಿದ್ದೆ. ನಮ್ಮ ಅಪ್ಪ ಹಂಗಽ ಓದ್ತಿದ್ದ, ನಾನೂ ಹಂಗಽ ಕಲ್ತೆ.’

ನನಗೆ ಮೊದಲು ನಗು ಬಂತು. ಆಕೆಯ ಮುಖ ನೋಡಿ ನುಂಗಿಕೊಂಡೆ.

‘ಅವತ್ತು ಬಾಗಿಲದಾಗ ನಿಂತು, ಒಂದು ಹೆಸರು ಬಿಟ್ಟಿಲ್ಲ ಅಂದ್ರು. ಮುಖ ಹೆಂಗಿತ್ತಂತೀರಿ, ಸಾಲಿಯಿಂದ ಪಾಸಾಗಿ ಬಂದ ಹುಡುಗನಂಗ. ನನಗ ನಾಚಿಕಿ ಬಂದುಬಿಡ್ತು. ಊಟಕ್ಕ ಬರ್ರಿ ಅಂದೆ. ಕ್ರಿಸ್‌ಮಸ್ಸಿಗೆ ಮಕ್ಕಳು ಬರ್ತಾರ, ಅವರ ಮುಂದ ಹೇಳೂಣು ಅನಕೊಂಡೆ. ಅಷ್ಟರಾಗ ಅವ್ರು ಹ್ವಾದ್ರು.’ ಸೆರಗಿನಿಂದ ಮೂಗು ಒರೆಸಿಕೊಂಡರು. ‘ಈ ಮನ್ಯಾಗ ಪೂರಾ ಓದಿದಾವ್ರು ಅವರೊಬ್ಬರಽ ಟೀಚರ್ರ. ಅದು ಅವ್ರಿಗೆ ಗೊತ್ತಾಗಲಿಲ್ಲ. ನಿಂದು ಏಳು ನಂದು ಒಂದು ಅನಕೋತ ಹ್ವಾದ್ರು.’

ಆಕೆಯ ಕೈ ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಆಕೆ ಕೈ ಬಿಡಿಸಿಕೊಂಡು, ಎದ್ದು ಹೋಗಿ ತಮ್ಮ ಪುಸ್ತಕ ತಂದರು, ಕನ್ನಡಕ ಹಾಕಿಕೊಂಡರು. ‘ಈಗ ಓದಾಕ ಹತ್ತೀನಿ. ನಾಲಿಗಿ ತಿರಗಂಗಿಲ್ಲ. ಸ್ವಲ್ಪ ಕುಂತ ಕೇಳ್ರಿ’ ಎಂದರು.

ಪೂರ್ವಕಾಲವೃತ್ತಾಂತ ತೆಗೆದು ಗಟ್ಟಿಯಾಗಿ ಓದತೊಡಗಿದರು. ಇಂಥವನ ಮಗ ಇಂಥವ, ಅವನ ಮಗ ಇಂಥವ. ನಾಲ್ಕನೆಯ ಸಾಲಿನಲ್ಲಿ ಒಂದು ಹೆಸರಿಗೆ ನಾಲಿಗೆ ತೊಡರಿತು. ಅದನ್ನು ಬಿಟ್ಟು ಮುಂದಿನ ಹೆಸರಿಗೆ ಹೋದರು. ಅಲ್ಲಿ ನಿಂತರು. ಬೆರಳನ್ನು ಹಿಂದಕ್ಕೆ ತಂದು, ಬಿಟ್ಟ ಹೆಸರಿನ ಮೇಲಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.